ಮನೇಲಿ ಬೇರೆ ಯಾರೂ ಇಲ್ವಾ?

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಆ ವಾರ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಮೇತ. ಸರ್ಕಾರಿ ಕಚೇರಿಗೂ ಸೈ, ಐಟಿ ಕಂಪನಿಗೂ ಸೈ, ಗಾರ್ಮೆಂಟ್ಸಿಗೂ ಸೈ. "ಇನ್ನು ಮೇಲೆ ಹೆಂಗಸರನ್ನ ಕೆಲಸಕ್ಕೆ ತಗೊಳ್ಳೋರು ಯಾರು" ಅಂತ ಒಬ್ಬರು. "ಬಿಹಾರದಲ್ಲಿ 1992ರಿಂದ ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಡ್ತಿದ್ದಾರೆ, ಅಲ್ಲೇನು ಆಕಾಶ ಬಿದ್ದಿದೆಯಾ" ಅಂತ ಇನ್ನೊಬ್ಬರು. ನಾನು ಆ ರಜೆಯ ಪರ. ಎಂಟು ಗಂಟೆ ಹೊಲಿಗೆ ಮಷೀನಿನ ಮುಂದೆ ಕೂರುವ ಹೆಂಗಸರನ್ನು ಹತ್ತಿರದಿಂದ ನೋಡಿದ ಯಾರೂ ಅದನ್ನು ಬೇಡ ಅನ್ನಲಾರರು. ಆದರೆ ಅವತ್ತು ಡಬ್ಬಿ ಮುಚ್ಚಿ ಎದ್ದಾಗ ನನ್ನ ತಲೆಯಲ್ಲಿ ಕೂತಿದ್ದು ಆ ವಾದಗಳಲ್ಲ. ಏಳು ವರ್ಷದ ಹಿಂದೆ ನನ್ನ ಟೇಬಲ್ಲಿನ ಮುಂದೆ ನಿಂತು ಒಬ್ಬರು ಕೇಳಿದ್ದ ಒಂದು ಪ್ರಶ್ನೆ. ಅದಕ್ಕೆ ಅವತ್ತು ನಾನು ಕೊಟ್ಟ ಉತ್ತರ.

ಆಗ ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೆ. ವಿಭಾಗ ಅಂದರೆ ಮೂರು ಟೇಬಲ್, ಒಂದು ಪ್ರಿಂಟರ್. ರಜೆ ಚೀಟಿ ನೋಡುವುದು, ಅಟೆಂಡೆನ್ಸ್ ತಾಳೆ ಹಾಕುವುದು, ಇಎಸ್ಐ (ನೌಕರರ ವಿಮೆ), ಪಿಎಫ್ (ಭವಿಷ್ಯ ನಿಧಿ) ಕಾಗದ ತುಂಬುವುದು ನನ್ನ ಕೆಲಸ. ಆ ಚೀಟಿಗಳನ್ನು ಓದಿ ಓದಿ ನನಗೆ ಒಂದು ವಿಷಯ ಗೊತ್ತಾಗಿಹೋಗಿತ್ತು. ಹತ್ತರಲ್ಲಿ ಎಂಟು ಚೀಟಿಯಲ್ಲಿ ಕಾರಣ "ಜ್ವರ". ಮಗುವಿಗೆ ಭೇದಿ ಆದರೂ ಜ್ವರ. ಅತ್ತೆಗೆ ಡಯಾಲಿಸಿಸ್ ಇದ್ದರೂ ಜ್ವರ. ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರೂ ಚೀಟಿ ಬರೆದವಳಿಗೇ ಜ್ವರ. ಅವರು ಸುಳ್ಳು ಹೇಳುವ ಜನ ಅಲ್ಲ. ನಿಜ ಬರೆದರೆ ರಜೆ ಸಿಗುವುದಿಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ತನಗೇ ಹುಷಾರಿಲ್ಲ ಅಂದರೆ ಸೂಪರ್‌ವೈಸರ್ ಗೊಣಗಿಕೊಂಡಾದರೂ ಬಿಡುತ್ತಾನೆ. ಮನೆಯಲ್ಲಿ ಇನ್ಯಾರಿಗೋ ಹುಷಾರಿಲ್ಲ ಅಂದರೆ ಬರುವ ಪ್ರಶ್ನೆ ಒಂದೇ. "ಮನೇಲಿ ಬೇರೆ ಯಾರೂ ಇಲ್ವಾ?"

ಕಾಲರ್ ಅಕ್ಕ

ಅವರ ಹೆಸರು ಇಲ್ಲಿ ಬೇಡ. ನಾಲ್ಕನೇ ಲೈನಿನಲ್ಲಿ ಎಲ್ಲರೂ ಅವರನ್ನು ಕಾಲರ್ ಅಕ್ಕ ಅನ್ನುತ್ತಿದ್ದರು. ಶರ್ಟಿಗೆ ಕಾಲರ್ ಕೂರಿಸುವುದು ಸುಲಭದ ಕೆಲಸ ಅಲ್ಲ. ಎರಡೂ ತುದಿ ಒಂದೇ ಅಳತೆಗೆ ಬರಬೇಕು, ಬಟ್ಟೆ ಎಲ್ಲೂ ಸುಕ್ಕಾಗಬಾರದು. ಅವರ ಕೈ ಅದರಲ್ಲಿ ಎಷ್ಟು ಪಳಗಿತ್ತು ಅಂದರೆ ಹೊಸ ಹುಡುಗಿಯರನ್ನು ನಾಲ್ಕು ದಿನ ಅವರ ಪಕ್ಕ ಕೂರಿಸಿ ಆಮೇಲೆ ಮಷೀನು ಕೊಡುತ್ತಿದ್ದರು. ಮಧುಗಿರಿ ಕಡೆಯವರು. ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಲಗ್ಗೆರೆಯಲ್ಲಿ ಒಂದು ರೂಮಿನ ಬಾಡಿಗೆ ಮನೆ. ಒಬ್ಬಳೇ ಮಗಳು, ಗುಬ್ಬಿಗೆ ಮದುವೆ ಮಾಡಿ ಕೊಟ್ಟಿದ್ದರು.

2018ರ ಮಳೆಗಾಲ. ಮಧ್ಯಾಹ್ನದ ಊಟದ ಗಂಟೆ ಹೊಡೆದ ತಕ್ಷಣ ಬಂದರು. ಸೆರಗಿನ ತುಂಬ ನೂಲಿನ ಎಳೆ ಅಂಟಿಕೊಂಡಿತ್ತು. ಚೀಟಿಯಲ್ಲಿ ಜ್ವರ ಅಂತ ಇರಲಿಲ್ಲ. ಮಗಳಿಗೆ ಹೆರಿಗೆ, ಬಾಣಂತನಕ್ಕೆ ಮೂರು ತಿಂಗಳು ರಜೆ ಬೇಕು ಅಂತ ದುಂಡಗೆ ಬರೆಸಿಕೊಂಡು ಬಂದಿದ್ದರು.

"ಅಕ್ಕ, ಮೂರು ತಿಂಗಳು ಎಲ್ಲಿ ಕೊಡ್ತಾರೆ? ನಿಮ್ಮ ಲೆಕ್ಕದಲ್ಲಿ ಇಎಲ್, ಅಂದ್ರೆ ಗಳಿಕೆ ರಜೆ, ಒಂಬತ್ತೇ ದಿನ ಉಳಿದಿರೋದು" ಅಂದೆ.

"ಹೆತ್ತೋರಿಗೆ ಆರು ತಿಂಗಳು ಕೊಡ್ತೀರಲ್ಲ ಮೇಡಂ. ಬಾಣಂತನ ಮಾಡೋರಿಗೆ ಇಲ್ವಾ?"

ಆ ಪ್ರಶ್ನೆಯಲ್ಲಿ ಜಗಳ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ಹಿಂದಿನ ವರ್ಷವಷ್ಟೇ, 2017ರಲ್ಲಿ, ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದರು. ನೋಟಿಸ್ ಬೋರ್ಡಿಗೆ ಆ ಕಾಗದ ಅಂಟಿಸಿದ್ದು ನಾನೇ. ಅವರು ಅದನ್ನು ಯಾರಿಂದಲೋ ಓದಿಸಿಕೊಂಡಿದ್ದರು. ಹೆತ್ತವಳಿಗೆ ಇಷ್ಟು ಕೊಟ್ಟವರು ಅವಳನ್ನು ನೋಡಿಕೊಳ್ಳುವವರಿಗೂ ಏನಾದರೂ ಕೊಟ್ಟಿರಲೇಬೇಕು ಅಂತ ಅಂದುಕೊಂಡಿದ್ದರು. ಬಾಣಂತಿ ಒಬ್ಬಳೇ ಇರುವ ಬಾಣಂತನವನ್ನು ಅವರು ಕಂಡೇ ಇರಲಿಲ್ಲ. ನಮ್ಮಲ್ಲಿ ಯಾರು ತಾನೇ ಕಂಡಿದ್ದೇವೆ?

ಆಗ ನಾನು ಕೇಳಿದೆ. "ಮನೇಲಿ ಬೇರೆ ಯಾರೂ ಇಲ್ವಾ ಅಕ್ಕ?"

ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಬಾಯಿಗೆ ಅದೇ ಬಂತು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಮೇಡಂ" ಅಂದರು.

ಫ್ಲೋರ್ ಇನ್‌ಚಾರ್ಜ್ ಹತ್ತು ದಿನಕ್ಕೆ ಒಪ್ಪಿದರು. ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ, ಕಾಲರ್ ನಿಂತರೆ ಲೈನೇ ನಿಲ್ಲುತ್ತದೆ, ಸಾಗಿಸುವ ಮಾಲು ಬಾಕಿ ಇದೆ ಅಂದರು. ಅವರ ಮಾತೂ ಸುಳ್ಳಲ್ಲ. ಹೇಳದೆ ಕೇಳದೆ ಹತ್ತು ದಿನದ ಮೇಲೆ ಬರದಿದ್ದರೆ ಮನೆಗೆ ಕಾಗದ ಹೋಗುತ್ತದೆ, ಆಮೇಲೆ ಹೆಸರು ತೆಗೆಯುತ್ತಾರೆ. ಉಳಿದ ದಾರಿ ಒಂದೇ. ರಾಜೀನಾಮೆ ಕೊಡುವುದು, ಪಿಎಫ್ ತೆಗೆದುಕೊಂಡು ಆ ದುಡ್ಡಿನಲ್ಲಿ ಬಾಣಂತನ ಮಾಡುವುದು, ಮುಗಿದ ಮೇಲೆ ಬೇರೆ ಕಾರ್ಖಾನೆಗೆ ಹೊಸಬಳಾಗಿ ಸೇರುವುದು. ಗಾರ್ಮೆಂಟ್ಸಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ದಾರಿ. 2016ರ ಏಪ್ರಿಲಿನಲ್ಲಿ ಪಿಎಫ್ ನಿಯಮ ಬದಲಾಗುತ್ತದೆ, ಮಾಲೀಕರ ಪಾಲು 58 ವರ್ಷ ಆಗುವವರೆಗೆ ಕೈಗೆ ಸಿಗುವುದಿಲ್ಲ ಅಂದಾಗ ಈ ಹೆಂಗಸರು ಬೆಂಗಳೂರಿನ ರಸ್ತೆಗಳನ್ನೇ ತುಂಬಿದ್ದು ನೆನಪಿರಬಹುದು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡು ದಿನ ನಿಂತುಹೋಗಿದ್ದವು. ಯಾವ ದೊಡ್ಡ ಸಂಘವೂ ಕರೆ ಕೊಡದೆ ಅಷ್ಟು ಜನ ಹೇಗೆ ಬಂದರು ಅಂತ ಎಲ್ಲರೂ ಆಶ್ಚರ್ಯಪಟ್ಟರು. ರಜೆ ಚೀಟಿ ಓದುತ್ತಿದ್ದ ನನಗೆ ಆಶ್ಚರ್ಯ ಆಗಲಿಲ್ಲ. ಹೊರಗಿನವರಿಗೆ ಅದು ಮುಪ್ಪಿನ ಕಾಲದ ಉಳಿತಾಯ. ಇವರಿಗೆ ಅದೇ ಬಾಣಂತನದ ರಜೆ, ಅದೇ ಆಸ್ಪತ್ರೆ ರಜೆ, ಅದೇ ಅಪ್ಪನ ಕೊನೆಗಾಲದ ರಜೆ.

ಕಾಲರ್ ಅಕ್ಕನ ರಾಜೀನಾಮೆಯನ್ನು ಟೈಪ್ ಮಾಡಿದ್ದು ನಾನು. "ವೈಯಕ್ತಿಕ ಕಾರಣದಿಂದ" ಅಂತ ಬರೆದೆ, ಎಲ್ಲರಿಗೂ ಹಾಗೇ ಬರೆಯುತ್ತಿದ್ದೆವು. ಅವರು ನಿಧಾನವಾಗಿ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದರು. ಆಮೇಲೆ ನಾನು ಅವರ ಸರ್ವಿಸ್ ಲೆಕ್ಕ ಹಾಕಿದೆ. ನಾಲ್ಕು ವರ್ಷ ಮೂರು ತಿಂಗಳು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟಿಗೆ, ಐದು ವರ್ಷ ಆಗಬೇಕು. ಇನ್ನೊಂಬತ್ತು ತಿಂಗಳು ಇದ್ದಿದ್ದರೆ ಅವರ ಆಗಿನ ಸಂಬಳದಲ್ಲಿ ಸುಮಾರು 24,500 ರೂಪಾಯಿ ಕೈಗೆ ಬರುತ್ತಿತ್ತು. ಅವರು ಅದನ್ನು ಕೇಳಲೂ ಇಲ್ಲ. ನಾನು ಹೇಳಲೂ ಇಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಮಗಳ ಹೆರಿಗೆಯನ್ನು ಒಂಬತ್ತು ತಿಂಗಳು ಮುಂದಕ್ಕೆ ಹಾಕಲಾಗುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಪಿಎಫ್ ಕಾಗದಕ್ಕೆ ಸಹಿ ಬೇಕು ಅಂತ ಒಂದು ಭಾನುವಾರ ಅವರ ಮನೆಗೆ ಹೋದೆ. ಬಾಗಿಲಲ್ಲೇ ಬೆಳ್ಳುಳ್ಳಿ ಒಗ್ಗರಣೆ, ಸಾಂಬ್ರಾಣಿ ಎರಡೂ ಸೇರಿದ ವಾಸನೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕಣಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡಿದ್ದರು. ಒಂದು ಕೈಯಲ್ಲಿ ಮಗುವಿನ ಗದ್ದ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಚೊಂಬು. ಬಿಸಿನೀರನ್ನು ಮೊದಲು ತನ್ನ ಮೊಣಕಾಲಿಗೆ ಹುಯ್ದುಕೊಂಡು, ಹದ ನೋಡಿ, ಆಮೇಲೆ ಮಗುವಿನ ಬೆನ್ನಿಗೆ. ಕಾಲರ್ ಕೂರಿಸುವಾಗ ಇರುತ್ತಿತ್ತಲ್ಲ, ಅದೇ ಗಮನ. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸಿಸೇರಿಯನ್ ಆಗಿತ್ತು, ಗಾಯದಲ್ಲಿ ಕೀವು ತುಂಬಿ ಮತ್ತೆ ಒಂದು ವಾರ ಆಸ್ಪತ್ರೆಯಲ್ಲಿದ್ದಳಂತೆ. ಅಳಿಯ ಬಣ್ಣ ಹೊಡೆಯುವ ಕೆಲಸದವನು. ಅವತ್ತು ಬಂದಿದ್ದ, ಸಂಜೆಗೆ ವಾಪಸ್ಸು. ಮಗುವನ್ನು ಎತ್ತಿಕೊಳ್ಳಲು ಆಸೆ, ಆದರೆ ಕೈಯಲ್ಲಿ ಪೇಂಟಿನ ವಾಸನೆ ಅಂತ ಬಾಗಿಲ ಹತ್ತಿರವೇ ನಿಂತಿದ್ದ. ಒಂದು ದಿನ ಹೋಗದಿದ್ದರೆ ಒಂದು ದಿನದ ಕೂಲಿ ಇಲ್ಲ.

ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕಾನೂನಿಗೆ ಕಾಣುವ ಮನೆ

ಆಮೇಲೆ ನಾನು ಕಾನೂನುಗಳನ್ನು ಬೇರೆ ಕಣ್ಣಿನಿಂದ ಓದಲು ಶುರು ಮಾಡಿದೆ. ಫ್ಯಾಕ್ಟರಿ ಕಾಯ್ದೆ 1948ರದ್ದು. 20 ದಿನ ದುಡಿದರೆ ಒಂದು ದಿನ ಇಎಲ್, ಅದೂ ವರ್ಷದಲ್ಲಿ 240 ದಿನ ದುಡಿದಿರಬೇಕು. ಹಳೆಯ ಕಾನೂನುಗಳನ್ನು ಒಟ್ಟುಗೂಡಿಸಿದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆ 240 ಅನ್ನುವುದು 180 ಆಗಿದೆ. ಒಳ್ಳೆಯದೇ ಆಯಿತು. ಇಎಸ್ಐ ಕಾಯ್ದೆಯೂ 1948ರದ್ದೇ. ತನಗೆ ಕಾಯಿಲೆ ಆದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಪರ್ಸೆಂಟ್ ಸಿಗುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆ 1961ರದ್ದು. ಒಂದೊಂದೂ ಹೋರಾಟದಿಂದ ಬಂದದ್ದು. ಯಾವುದನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಇವೆಲ್ಲದರಲ್ಲೂ ಒಂದು ಮನೆ ಇದೆ, ಅದನ್ನು ಗಮನಿಸಿ. ಆ ಮನೆಯಲ್ಲಿ ದುಡಿಯುವವನಿಗೆ ಕಾಯಿಲೆ ಆಗಬಹುದು, ದುಡಿಯುವವಳಿಗೆ ಹೆರಿಗೆ ಆಗಬಹುದು. ಆಗ ಗಂಜಿ ಕಾಯಿಸುವವರು, ಔಷಧಿ ತರುವವರು, ರಾತ್ರಿ ಎದ್ದು ಕೂರುವವರು ಒಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಸಂಬಳ ಇಲ್ಲ, ಹಾಗಾಗಿ ರಜೆಯೂ ಬೇಕಿಲ್ಲ. ಅಮ್ಮನೋ, ಅತ್ತೆಯೋ, ಹೆಂಡತಿಯೋ, ಮದುವೆಯಾಗದ ತಂಗಿಯೋ. ಕಾನೂನು ಬರೆದವರ ಮನೆಗಳಲ್ಲಿ ಅಂಥವರು ಇದ್ದಿರಬೇಕು. ಕಾಲರ್ ಅಕ್ಕ ಆ ಜಾಗದಲ್ಲಿ ಇರಬೇಕಾದವರು. ಅವರೇ ಕಾರ್ಖಾನೆಗೆ ಬಂದುಬಿಟ್ಟರು.

ಹೊಸ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಇದೆ. ದುಡಿಯುವ ಹೆಂಗಸಿನ ಕುಟುಂಬ ಅನ್ನುವಾಗ ಅವಳನ್ನು ನಂಬಿಕೊಂಡ ಅತ್ತೆ ಮಾವನೂ ಈಗ ಲೆಕ್ಕಕ್ಕೆ ಬರುತ್ತಾರೆ. ನನಗೆ ಇದು ತುಂಬ ಇಷ್ಟವಾಯಿತು. ಎಷ್ಟೋ ಜನ ಟೈಲರ್‌ಗಳು "ಇಎಸ್ಐನಲ್ಲಿ ಅಪ್ಪ ಅಮ್ಮಂಗೆ ಚಿಕಿತ್ಸೆ ಆಗುತ್ತೆ, ಅತ್ತೆಗೆ ಯಾಕಾಗಲ್ಲ ಮೇಡಂ" ಅಂತ ನನ್ನ ಹತ್ತಿರ ಕೇಳಿದ್ದರು. ಆದರೆ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ದಿನ ಬೇಕಲ್ಲ? ಆ ದಿನ ಯಾವ ಲೆಕ್ಕದಲ್ಲೂ ಇಲ್ಲ. ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ಬೆಳಿಗ್ಗೆ ಹೋದವರು ಒಪಿಡಿ, ರಕ್ತ ಪರೀಕ್ಷೆ, ಔಷಧಿ ಸಾಲು ಮುಗಿಸಿ ಹೊರಗೆ ಬರುವ ಹೊತ್ತಿಗೆ ಶಿಫ್ಟ್ ಮುಗಿದಿರುತ್ತದೆ. ಅವತ್ತಿನ ಸಂಬಳ ಹೋಯಿತು, ತಿಂಗಳ ಅಟೆಂಡೆನ್ಸ್ ಬೋನಸ್ ಕೂಡ ಹೋಯಿತು.

ಸರ್ಕಾರಿ ನೌಕರರಿಗೆ ಪರವಾಗಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳನ್ನು ನೋಡಿಕೊಳ್ಳಲು ಇಡೀ ಸೇವಾವಧಿಯಲ್ಲಿ 730 ದಿನ ಇದೆ, ಗಂಡಸರಿಗೆ ಮಗು ಹುಟ್ಟಿದಾಗ 15 ದಿನ ಇದೆ. ಖಾಸಗಿ ಕಡೆ ಅಪ್ಪಂದಿರಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಕಂಪನಿ ಮನಸ್ಸು ಮಾಡಿ ಕೊಟ್ಟರೆ ಉಂಟು. ಇನ್ನು ವಯಸ್ಸಾದ ಅಪ್ಪ ಅಮ್ಮಂದಿರ ಆರೈಕೆಗೆ? 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ ಸಚಿವ ಜಿತೇಂದ್ರ ಸಿಂಗ್ ಕೊಟ್ಟ ಉತ್ತರ, ಕೇಂದ್ರದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ಸಂಬಳದ ರಜೆ, 8 ದಿನ ಸಿಎಲ್ (ಸಾಂದರ್ಭಿಕ ರಜೆ) ಇದೆ, ಅದನ್ನೇ ಅಪ್ಪ ಅಮ್ಮಂದಿರ ಆರೈಕೆಗೂ ಬಳಸಿಕೊಳ್ಳಬಹುದು ಅಂತ. ಸರ್ಕಾರಿ ಕೆಲಸದವರ ಮಟ್ಟಿಗೆ ಅದು ಸರಿ ಇರಬಹುದು. ವರ್ಷಕ್ಕೆ ಹದಿನೈದು ದಿನದ ರಜೆಯಲ್ಲೇ ಊರಿನ ಜಾತ್ರೆ, ನಾದಿನಿಯ ಮದುವೆ, ತಿಥಿ, ಮಗುವಿನ ಶಾಲೆ ಎಲ್ಲ ಮುಗಿಸಬೇಕಾದವರಿಗೆ ಆ ಉತ್ತರ ಮುಟ್ಟುವುದಿಲ್ಲ.

ನನ್ನ ಸರದಿ

2023ರ ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಮೋಟರ್ ಮನೆ ಹತ್ತಿರ ಬಿದ್ದಿದ್ದರು. ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ. ಅಷ್ಟು ಹೊತ್ತಿಗೆ ನಾನು ಗಾರ್ಮೆಂಟ್ಸ್ ಬಿಟ್ಟು ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದೆ. ಅಣ್ಣ ಪುಣೆಯಲ್ಲಿ. ಅಮ್ಮನಿಗೆ ಮಂಡಿ ನೋವು, ವಾರ್ಡಿನ ಮೆಟ್ಟಿಲು ಹತ್ತಲಾರರು.

ಲಕ್ವದ ರೋಗಿಯನ್ನು ನೋಡಿಕೊಳ್ಳುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು ಬರುತ್ತದೆ. ಮೊದಲು ಬಲಗೈ ಎತ್ತಿ ಎದೆಯ ಮೇಲಿಡಬೇಕು, ಆ ಕೈಗೆ ಜೀವ ಇರುವುದಿಲ್ಲ, ತೆಂಗಿನ ಗರಿಯ ಹಾಗೆ ಜಾರುತ್ತದೆ. ಆಮೇಲೆ ಮೊಣಕಾಲು ಮಡಿಸಿ, ಹಾಸಿದ ಬಟ್ಟೆ ಸಮೇತ ಎಳೆದುಕೊಳ್ಳಬೇಕು. ಮೂಗಿನ ನಳಿಗೆಯಲ್ಲಿ ಊಟ. ರಾಗಿ ಗಂಜಿಯನ್ನು ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು, ಒಂದು ಕಾಳು ಸಿಕ್ಕಿಕೊಂಡರೂ ನಳಿಗೆ ಕಟ್ಟುತ್ತದೆ. ದೊಡ್ಡ ಸಿರಿಂಜಿನಲ್ಲಿ ಒತ್ತಬಾರದು, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಗಂಜಿ ಇಳಿಯುವವರೆಗೆ ಅಪ್ಪ ಎಡಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಮಾತು ಹೋಗಿತ್ತು. ನನಗೆ ತುತ್ತು ತಿನ್ನಿಸಿದ ಮನುಷ್ಯ. ಅವರಿಗೆ ನಾಚಿಕೆ ಆಗುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು.

ನನ್ನ ಹತ್ತಿರ ಇದ್ದ ರಜೆ ಒಂಬತ್ತು ದಿನ. ಹತ್ತನೇ ದಿನ ಮ್ಯಾನೇಜರಿಗೆ ಫೋನ್ ಮಾಡಿ, ಇನ್ನೂ ಹದಿನೈದು ದಿನ ಬೇಕು, ಸಂಬಳ ಬೇಡ, ಕೆಲಸ ಮಾತ್ರ ಉಳಿಸಿಕೊಡಿ ಅಂದೆ. ಒಳ್ಳೆಯ ಮನುಷ್ಯ, ಅವರ ದನಿಯಲ್ಲಿ ನಿಜವಾದ ಕನಿಕರ ಇತ್ತು. ಮಾರ್ಚ್ ಹತ್ತಿರ ಬಂತು, ವರ್ಷದ ಲೆಕ್ಕ ಮುಗಿಸಬೇಕು ಅಂತೆಲ್ಲ ಹೇಳಿ ಆಮೇಲೆ ಕೇಳಿದರು. "ಮನೇಲಿ ಬೇರೆ ಯಾರೂ ಇಲ್ವಾ ಮಾ?"

ಫೋನ್ ಹಿಡಿದುಕೊಂಡು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಂದು ಕ್ಷಣ ಉತ್ತರ ಬರಲಿಲ್ಲ. ಸೆರಗಿಗೆ ನೂಲು ಅಂಟಿಸಿಕೊಂಡು ನಿಂತಿದ್ದ ಕಾಲರ್ ಅಕ್ಕ ಕಣ್ಣ ಮುಂದೆ ಬಂದರು.

ಏಳು ದಿನ ಸಂಬಳ ಇಲ್ಲದ ರಜೆ ಸಿಕ್ಕಿತು. ಆಮೇಲೆ ಹಗಲಿಗೆ ಒಬ್ಬ ಆಯಾ, ರಾತ್ರಿಗೆ ನಾನು. ಬೆಳಿಗ್ಗೆ ಆಸ್ಪತ್ರೆಯಿಂದಲೇ ಆಫೀಸಿಗೆ. ಆ ಆಯಾ ರಾಯಚೂರು ಕಡೆಯವರು. ಊರಿನಲ್ಲಿ ಅವರ ತಾಯಿಯೂ ಹಾಸಿಗೆ ಹಿಡಿದಿದ್ದರು. ಅವರ ತಾಯಿಯನ್ನು ನೋಡಿಕೊಳ್ಳುತ್ತಿದ್ದದ್ದು ಅವರ ಹದಿನಾಲ್ಕು ವರ್ಷದ ಮಗಳು, ಶಾಲೆ ಬಿಟ್ಟು. ಇದನ್ನು ಅವರು ಅಪ್ಪನಿಗೆ ಪೌಡರ್ ಹಾಕುತ್ತಾ ಹೇಳಿದರು. ನಾನು ಕೊಡುತ್ತಿದ್ದ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ, ಅದರ ಕೊನೆಯಲ್ಲಿ ಯಾರು ನಿಂತಿದ್ದಾರೆ ಅಂತ ಅವತ್ತು ಗೊತ್ತಾಯಿತು.

ದುಡ್ಡು ಯಾರು ಕೊಡಬೇಕು

ರಜೆಯ ಚರ್ಚೆ ಬಂದಾಗಲೆಲ್ಲ ನಾವು ದಿನ ಎಣಿಸುತ್ತೇವೆ. 12 ವಾರವೋ 26 ವಾರವೋ, ತಿಂಗಳಿಗೆ ಒಂದು ದಿನವೋ ಎರಡೋ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 26 ವಾರದ ಪೂರ್ತಿ ಸಂಬಳ ಮಾಲೀಕನೇ ಕೊಡಬೇಕು. ಹತ್ತು ಜನ ಕೆಲಸ ಮಾಡುವ ಸಣ್ಣ ಕಂಪನಿಗೆ ಅದು ನಿಜವಾಗಿಯೂ ಭಾರ. ಅದಕ್ಕೇ ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ", "ಮಗು ಪ್ಲಾನ್ ಇದೆಯಾ" ಅಂತ ಕೇಳುತ್ತಾರೆ. ಹಾಗೆ ಕೇಳುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವ ಹಾಗೆ ಮಾಡಿದ್ದು ಕಾನೂನಿನ ರಚನೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿನ ರಜೆಯ ಅರ್ಜಿ ನೋಡುವಾಗ, ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸದಿಂದ ದೂರ ಇಡಬಹುದು, ಇದು ಸರ್ಕಾರ ತೀರ್ಮಾನಿಸಬೇಕಾದ ವಿಷಯ ಅಂದಿತು. ನಮ್ಮ ರಾಜ್ಯದ ಆದೇಶ ಬಂದ ಮೇಲೆ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಎಲ್ಲ ಕಡೆ ಅದೇ ಭಯ, ಅದೇ ವಾದ. ಆ ಭಯ ಇರುವುದು ಭಾರವನ್ನೆಲ್ಲ ಒಬ್ಬನ ಹೆಗಲಿಗೆ ಹಾಕಿರುವುದರಿಂದ.

ಇದು ಹೊಸ ಮಾತೇನಲ್ಲ. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಹೆರಿಗೆಯ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತಕ್ಕೆ ಬೇಕಾದದ್ದು ಅಂದರು. ಹಾಗಿರುವಾಗ ಅದರ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು, ಜನರ ಯೋಗಕ್ಷೇಮ ಮೊದಲು ಸರ್ಕಾರದ ಹೊಣೆ ಅಂತಲೂ ಹೇಳಿದರು. ಮರುವರ್ಷ, 1929ರಲ್ಲಿ, ಆ ಕಾನೂನು ಬಂತು. ಖರ್ಚು ಮಾತ್ರ ಮಾಲೀಕರ ಮೇಲೆಯೇ ಉಳಿಯಿತು. ಸುಮಾರು ನೂರು ವರ್ಷ ಆಗುತ್ತಾ ಬಂತು, ನಾವು ಇನ್ನೂ ಅದೇ ಜಾಗದಲ್ಲಿ ನಿಂತು ವಾದ ಮಾಡುತ್ತಿದ್ದೇವೆ.

ಅಚ್ಚರಿ ಅಂದರೆ ಪರಿಹಾರ ನಮ್ಮ ಸಂಬಳದ ಚೀಟಿಯಲ್ಲೇ ಇದೆ. ಇಎಸ್ಐ. 14,000 ರೂಪಾಯಿ ಸಂಬಳದ ಟೈಲರ್ ತಿಂಗಳಿಗೆ 105 ರೂಪಾಯಿ ಕಟ್ಟುತ್ತಾಳೆ, ಮಾಲೀಕ 455 ರೂಪಾಯಿ ಕಟ್ಟುತ್ತಾನೆ. ಗಂಡಸರಿಗೂ ಅದೇ ಲೆಕ್ಕ, ಹೆಂಗಸರಿಗೂ ಅದೇ ಲೆಕ್ಕ. ಹೆರಿಗೆ ಆದಾಗ 26 ವಾರದ ದುಡ್ಡು ಬರುವುದು ಆ ಒಟ್ಟು ನಿಧಿಯಿಂದ. ಹಾಗಾಗಿ ಗಾರ್ಮೆಂಟ್ಸಿನಲ್ಲಿ ನಾನು ಕೆಲಸ ಮಾಡಿದಷ್ಟು ದಿನವೂ ಹೆರಿಗೆಯ ದುಡ್ಡಿನ ಬಗ್ಗೆ ಜಗಳ ಕಂಡಿಲ್ಲ. ಲೈನಿಗೆ ಜನ ಕಡಿಮೆ ಆಗುತ್ತಾರೆ ಅಂತ ಜಗಳ ಆಗುತ್ತಿತ್ತು, ಅದು ಬೇರೆ. ಇದೇ ನಿಧಿಗೆ ತಿಂಗಳಿಗೆ ಇನ್ನಷ್ಟು ರೂಪಾಯಿ ಸೇರಿಸಿ, ಸರ್ಕಾರವೂ ಒಂದು ಪಾಲು ಹಾಕಿ, ಮನೆಯವರ ಆರೈಕೆಗೆ ಅಂತ ವರ್ಷಕ್ಕೆ ಕೆಲವು ವಾರ ಕೊಡಲು ಯಾಕೆ ಆಗುವುದಿಲ್ಲ? ಸಂಬಳದ ಮಿತಿ 2017ರಿಂದ 21,000 ರೂಪಾಯಿಯಲ್ಲೇ ನಿಂತಿದೆ, ಅದನ್ನೂ ಏರಿಸಬೇಕು. ಹಾಗೆ ಮಾಡಿದರೆ ಕಾಲರ್ ಅಕ್ಕನಂಥವರು ರಾಜೀನಾಮೆ ಕೊಡಬೇಕಿಲ್ಲ, ಸರ್ವಿಸ್ ಮುರಿಯಬೇಕಿಲ್ಲ, ಪಿಎಫ್ ಮುಪ್ಪಿಗೆ ಅಂತ ಉಳಿಯುತ್ತದೆ. ರಜೆಯನ್ನು ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗಿರಬೇಕು, ಮುಖ್ಯವಾಗಿ ಗಂಡಸರು. ಹೆಂಗಸರಿಗೆ ಮಾತ್ರ ಕೊಟ್ಟರೆ ಮತ್ತೆ ಅದೇ ಇಂಟರ್‌ವ್ಯೂ ಪ್ರಶ್ನೆಗಳು ಬರುತ್ತವೆ. ಗೋಡೆಗೆ ಬಣ್ಣ ಹೊಡೆಯುವ ಅಳಿಯನಿಗೆ, ಮನೆಗೆಲಸದವರಿಗೆ, ಆಯಾಗಳಿಗೆ ಇದು ಮುಟ್ಟಬೇಕಾದರೆ ಇನ್ನೂ ದೊಡ್ಡ ಕೆಲಸ ಆಗಬೇಕು. ಅದು ನನಗೆ ಗೊತ್ತು. ಆದರೆ ಎಲ್ಲರಿಗೂ ಕೊಡಲು ಆಗುವುದಿಲ್ಲ ಅಂತ ಯಾರಿಗೂ ಕೊಡದೆ ಇರುವುದನ್ನು ನಾನು ಒಪ್ಪುವುದಿಲ್ಲ.

ದುರುಪಯೋಗ ಆಗುತ್ತದೆ ಅನ್ನುವವರಿಗೆ ಒಂದು ಮಾತು. ನಾನು ಸಾವಿರಾರು ರಜೆ ಚೀಟಿ ನೋಡಿದ್ದೇನೆ. ಸುಳ್ಳು ಜ್ವರಗಳ ಹಿಂದೆ ನಿಜವಾದ ಕಾಯಿಲೆ ಇರುತ್ತಿತ್ತು, ಅದು ಬೇರೆಯವರದ್ದಾಗಿರುತ್ತಿತ್ತು ಅಷ್ಟೇ.

ಸೂಟ್‌ಕೇಸಿನಲ್ಲಿ ಅಂಟಿನ ಉಂಡೆ

ಅಮೆರಿಕದಲ್ಲಿ ಎಲ್ಲ ಚೆನ್ನಾಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 1993ರದ್ದು. 12 ವಾರ ರಜೆ, ಸಂಬಳ ಇಲ್ಲ, ಕೆಲಸ ಮಾತ್ರ ಉಳಿಯುತ್ತದೆ. ಅದೂ 50 ಜನಕ್ಕಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಆ ಕೊರತೆಯನ್ನು ತುಂಬುತ್ತಿರುವವರು ಯಾರು ಅಂತ ಬಸವನಗುಡಿಯಲ್ಲೋ ವಿಜಯನಗರದಲ್ಲೋ ಕೇಳಿ ನೋಡಿ. ಪ್ರತಿ ಬೀದಿಯಲ್ಲೂ ಒಬ್ಬರಾದರೂ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದ ಅಮ್ಮ ಇರುತ್ತಾರೆ. ಸೂಟ್‌ಕೇಸಿನಲ್ಲಿ ಅಂಟಿನ ಉಂಡೆ, ಮೆಂತ್ಯದ ಹಿಟ್ಟು, ಬಜೆ, ಹಳೇ ಪಂಚೆಯ ಬಟ್ಟೆ. ಆರು ತಿಂಗಳು ಚಳಿಯಲ್ಲಿ ಇದ್ದು ಬರುತ್ತಾರೆ. ಅವರೂ ಕಾಲರ್ ಅಕ್ಕ ಮಾಡಿದ ಕೆಲಸವನ್ನೇ ಮಾಡುತ್ತಾರೆ.

ಆದರೆ ಆ ದೇಶದ ಕೆಲವು ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಕ್ಯಾಲಿಫೋರ್ನಿಯಾ 2004ರಿಂದ, ನ್ಯೂ ಜೆರ್ಸಿ 2009ರಿಂದ. ನನ್ನ ಚಿಕ್ಕಮ್ಮನ ಮಗಳು ನ್ಯೂ ಜೆರ್ಸಿಯಲ್ಲಿದ್ದಾಳೆ. ಜೊತೆಯಲ್ಲೇ ಇರುವ ಅವಳ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆರು ವಾರ ರಜೆ ತೆಗೆದುಕೊಂಡಳು. ದೇಶದ ಕಾನೂನಿನ ಪ್ರಕಾರ ಅತ್ತೆಗೆ ರಜೆ ಇಲ್ಲ, ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಇವರಿಗೆ ಮಾತ್ರ. ರಾಜ್ಯದ ಕಾನೂನಿನಲ್ಲಿ ಅತ್ತೆಯೂ ಇದ್ದಾರೆ, ಅಜ್ಜಿಯೂ ಇದ್ದಾರೆ, ಮೊಮ್ಮಕ್ಕಳೂ ಇದ್ದಾರೆ. ಸಂಬಳದ ದೊಡ್ಡ ಭಾಗ ಒಂದು ನಿಧಿಯಿಂದ ಬಂತು. ಆ ನಿಧಿಗೆ ಎಲ್ಲ ನೌಕರರ ಸಂಬಳದಿಂದ ಚೂರು ಚೂರು ಕಡಿತವಾಗುತ್ತದೆ. "ನಮ್ಮ ಇಎಸ್ಐ ಥರಾನೇ ಕಣೆ" ಅಂತ ನಾನು ಅವಳಿಗೆ ಹೇಳಿದೆ. ಅವಳಿಗೆ ಇಎಸ್ಐ ಅಂದರೆ ಗೊತ್ತಿರಲಿಲ್ಲ.

ಗುರುವಾರ

ಕಳೆದ ತಿಂಗಳು ಕಾಲರ್ ಅಕ್ಕ ಫೋನ್ ಮಾಡಿದ್ದರು. ನಂಬರ್ ಇಬ್ಬರ ಹತ್ತಿರವೂ ಇತ್ತು, ಯುಗಾದಿಗೆ ಒಂದು ಮಾತು, ದೀಪಾವಳಿಗೆ ಒಂದು ಮಾತು. ಈಗ ಅವರ ಕಣ್ಣು ಮೊದಲಿನಷ್ಟು ಚುರುಕಿಲ್ಲ, ಕಾಲರ್ ಬಿಟ್ಟು ಗುಂಡಿ ಹಾಕುವ ಕಡೆ ಕೂರಿಸಿದ್ದಾರಂತೆ. ಮಗಳು ಅಳಿಯ ಬೆಂಗಳೂರಿಗೇ ಬಂದಿದ್ದಾರೆ. ಮಗಳೂ ಟೈಲರ್, ಬೇರೆ ಕಾರ್ಖಾನೆ. ಆ ಮಗು, ಕಣಕಾಲಿನ ಮೇಲೆ ಮಲಗಿದ್ದದ್ದು, ಈಗ ಎರಡನೇ ಕ್ಲಾಸು. ವಿಷಯ ಏನಪ್ಪಾ ಅಂದರೆ, ಮಗಳ ಅತ್ತೆಗೆ ಕಣ್ಣಿನ ಪೊರೆ ಆಪರೇಶನ್ ಗೊತ್ತಾಗಿದೆ. ಗುರುವಾರ. ಅವತ್ತು ಜೊತೆಗಿರಬೇಕು, ಮಾರನೇ ದಿನ ಪಟ್ಟಿ ಬಿಚ್ಚಿಸಲು ಕರೆದುಕೊಂಡು ಹೋಗಬೇಕು. ಮಗಳಿಗೆ ರಜೆ ಚೀಟಿ ಹೇಗೆ ಬರೆಯುವುದು ಅಂತ ಹೇಳಿಕೊಡಿ ಮೇಡಂ ಅಂದರು.

ಫೋನ್ ಮಗಳ ಕೈಗೆ ಕೊಟ್ಟರು. ಅವಳು ಮೊದಲೇ ಒಂದು ಬರೆದಿಟ್ಟುಕೊಂಡಿದ್ದಳು. ಓದಮ್ಮ ಅಂದೆ. "ನನಗೆ ಎರಡು ದಿನದಿಂದ ತುಂಬಾ ಜ್ವರ ಇರುವುದರಿಂದ..." ಅಂತ ಓದಿದಳು.

ಅದನ್ನು ಹೊಡೆದು ಹಾಕಿಸಿದೆ. ಇರುವುದನ್ನು ಇರುವ ಹಾಗೆ ಬರಿ ಅಂದೆ. ಅವಳಿಗೆ ಧೈರ್ಯ ಬರಲಿಲ್ಲ, ಕೊಡ್ತಾರಾ ಮೇಡಂ ಅಂತ ಎರಡು ಸಲ ಕೇಳಿದಳು. ಕೊಡ್ತಾರೆ ಅಂತ ಹೇಳಲು ನನಗೂ ಆಗಲಿಲ್ಲ. ಕೊನೆಗೆ ಇಬ್ಬರೂ ಸೇರಿ ಬರೆದೆವು. ನಮ್ಮ ಅತ್ತೆಯವರಿಗೆ ಗುರುವಾರ ಕಣ್ಣಿನ ಆಪರೇಶನ್ ಇದೆ. ಜೊತೆಯಲ್ಲಿ ಇರಲು ಮನೆಯಲ್ಲಿ ನಾನೇ ಆಗಬೇಕು. ದಯವಿಟ್ಟು ಗುರುವಾರ ಮತ್ತು ಶುಕ್ರವಾರ ಎರಡು ದಿನ ರಜೆ ಕೊಡಬೇಕು.

ಬರೆದು ಮುಗಿಸಿ ಅವಳು ಮತ್ತೊಮ್ಮೆ ಗಟ್ಟಿಯಾಗಿ ಓದಿದಳು. ಹಿಂದಿನಿಂದ ಕಾಲರ್ ಅಕ್ಕ "ಸಹಿ ಕೆಳಗೆ ಟೋಕನ್ ನಂಬರ್ ಹಾಕೇ" ಅನ್ನುವುದು ಕೇಳಿಸಿತು.